ಸಲಾಂ ಬೇಡ ಸೀನ

ಪ್ರೀತಿಯ ಸೀನ,

ಇದನ್ನು ನಿನಗೆ ವಾಟ್ಸಾಪಿನಲ್ಲೇ ಕಳಿಸಬಹುದಿತ್ತು. ಆದರೆ ಸುಳ್ಳು ಹೇಳಿದ್ದು ಎಲ್ಲರೆದುರು, ನಿಜ ಮಾತ್ರ ನಿನ್ನೊಬ್ಬನ ಕಿವಿಯಲ್ಲಿ ಹೇಳಿದರೆ ಅದೂ ಒಂಥರಾ ಮೋಸವೇ ಅಲ್ವಾ? ಹೋದ ತಿಂಗಳು ನಾನು ಹಾಕಿದ್ದ ಫೋಟೋ ನೆನಪಿದೆಯಲ್ಲ, ನಾನು ಹಾರಿಸುವ ಪುಟ್ಟ ಸೆಸ್ನಾ ವಿಮಾನದ ರೆಕ್ಕೆಯ ಕೆಳಗೆ ಹತ್ತಿ ಹಿಂಜಿ ಹಾಸಿದ ಹಾಗೆ ಮಂಜು, ಜೊತೆಗೆ 'ವಾಪಸ್ ತಿರುಗುವುದೂ ಒಂದು ಕಲೆ' ಅಂತ ನನ್ನ ದೊಡ್ಡಸ್ತಿಕೆಯ ಸಾಲು. ನೀನು 'ಸಲಾಂ ಕ್ಯಾಪ್ಟನ್' ಅಂತ ಬರೆದೆ. ನಮ್ಮ ಛತ್ರಿ ಕೂಡ ಹಾರ್ಟ್ ಒತ್ತಿದ. ಛತ್ರಿ! ಯೋಚನೆ ಮಾಡು.

ನಡೆದದ್ದು ಹೇಳುತ್ತೇನೆ ಕೇಳು.

ಶನಿವಾರ ಬೆಳಿಗ್ಗೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂನಿಂದ ಹಾಫ್ ಮೂನ್ ಬೇ ಕಡೆ ಹೊರಟೆ. ಕಡಲ ದಂಡೆಯ ಪುಟ್ಟ ಏರ್‌ಪೋರ್ಟ್, ಅರ್ಧ ಗಂಟೆಯ ದಾರಿ. ಬೇಸಿಗೆಯಲ್ಲಿ ಆ ದಂಡೆಯ ಮೇಲೆ ಮಂಜು ಮಲಗಿರುತ್ತದೆ, ಹೊತ್ತೇರಿದ ಹಾಗೆ ಕರಗುತ್ತದೆ. ಅವತ್ತು ಕರಗಿರಲಿಲ್ಲ. ಗುಡ್ಡ ದಾಟಿ ನೋಡಿದರೆ ಬರೀ ಬಿಳಿ, ನಡುವೆ ಒಂದೇ ಒಂದು ತೂತು, ಅದರೊಳಗೆ ಕಡಲು ಹೊಳೆಯುತ್ತಿತ್ತು. ಇಂಥ ತೂತಿಗೆ ಇಲ್ಲಿನ ಪೈಲಟ್‌ಗಳು 'ಸಕ್ಕರ್ ಹೋಲ್' ಅನ್ನುತ್ತಾರೆ, ಪೆದ್ದರನ್ನು ಕರೆಯುವ ಕಂಡಿ. ನನಗೆ ಗೊತ್ತು. ಪಕ್ಕದಲ್ಲೇ 1,900 ಅಡಿಯ ಮೊಂಟಾರಾ ಬೆಟ್ಟ ಇದೆ, ಅದೂ ಗೊತ್ತು. ಮೋಡದೊಳಗೆ ಬರೀ ಮೀಟರ್ ನೋಡಿಕೊಂಡು ಹಾರಿಸುವ ರೇಟಿಂಗ್ ನನ್ನ ಹತ್ತಿರ ಇಲ್ಲ, ಅದಂತೂ ಚೆನ್ನಾಗಿ ಗೊತ್ತು. ಆದರೂ ಕೆಳಗಿಳಿಯಲು ಥ್ರಾಟಲ್ ಎಳೆದು ಇಂಜಿನ್ ತಗ್ಗಿಸಿದೆ. ಸುತ್ತು ಹಾಕುತ್ತಾ ಅದರೊಳಗೆ ಇಳಿದರಾಯಿತು, ಎರಡೇ ನಿಮಿಷ, ಅಂದುಕೊಂಡೆ.

ಎರಡನೇ ಸುತ್ತಿಗೆ ಹೆಡ್‌ಸೆಟ್‌ನಲ್ಲಿ 'ಅಪ್ಪಾ, ವಾಂತಿ' ಅಂತ ಕೇಳಿಸಿತು. ರೆಕ್ಕೆ ಸಮ ಮಾಡಿ, ಕವರ್ ಹುಡುಕಿ ಕೊಟ್ಟು, ಅವಳು ಬೆಳಿಗ್ಗೆ ತಿಂದ ದೋಸೆಯೆಲ್ಲ ಹೊರಗೆ ಬಂದು, ಬಾಯಿ ಒರೆಸಿ ನಾನು ಮತ್ತೆ ಹೊರಗೆ ನೋಡುವಷ್ಟರಲ್ಲಿ ತೂತು ಇರಲಿಲ್ಲ. ಮುಚ್ಚಿಕೊಂಡಿತ್ತು. ಆಮೇಲೆ ತೆಗೆದ ಫೋಟೋ ಅದು. ಕವರ್ ಕಾಣದ ಹಾಗೆ ಎಚ್ಚರ ವಹಿಸಿದ್ದೆ.

ಇಲಿನಾಯ್ ಯೂನಿವರ್ಸಿಟಿಯಲ್ಲಿ 1954ರಲ್ಲಿ ನನ್ನಂಥ, ಅಂದರೆ ಮೋಡದಲ್ಲಿ ಹಾರಿಸಲು ಕಲಿಯದ, 20 ಜನರನ್ನು ಹೊರಗೆ ಏನೂ ಕಾಣದ ಹಾಗೆ ಮಾಡಿ ಹಾರಿಸಿ ನೋಡಿದ್ದರು. ಇಪ್ಪತ್ತೂ ಜನರ ಹಿಡಿತ ತಪ್ಪಿತು. ಸರಾಸರಿ 178 ಸೆಕೆಂಡಿಗೆ. ನನ್ನ 'ಎರಡೇ ನಿಮಿಷ' ಅಂದರೆ 120.

ಲೈಸೆನ್ಸ್ ತೆಗೆದುಕೊಳ್ಳುವಾಗ ಹೆಂಡತಿಗೆ ಹೇಳಿದ್ದೆ, ಏರ್‌ಪೋರ್ಟಿಗೆ ಕಾರಿನಲ್ಲಿ ಹೋಗುವುದೇ ಜಾಸ್ತಿ ಅಪಾಯ ಅಂತ. ಅದು ಟಿಕೆಟ್ ತೆಗೆದು ಕೂರುವ ದೊಡ್ಡ ವಿಮಾನಕ್ಕೆ ನಿಜ, ನನ್ನ ನಾಲ್ಕು ಸೀಟಿನ ಡಬ್ಬಕ್ಕಲ್ಲ. ಅಮೆರಿಕದಲ್ಲಿ ಇಂಥ ಸಣ್ಣ ವಿಮಾನಗಳಲ್ಲಿ ಹೆಚ್ಚುಕಮ್ಮಿ 1 ಲಕ್ಷ ಗಂಟೆ ಹಾರಾಟಕ್ಕೆ ಒಂದು ಸಾವಿನ ಅಪಘಾತ ಆಗುತ್ತದೆ. ನಾನು ವರ್ಷಕ್ಕೆ 60 ಗಂಟೆ ಹಾರಿಸುತ್ತೇನೆ. 20 ವರ್ಷಕ್ಕೆ 1,200. ನೂರಕ್ಕೆ ಒಂದಕ್ಕಿಂತ ಚೂರು ಜಾಸ್ತಿಯೇ ಆಯಿತು. ನಮ್ಮ ಬ್ಯಾಚಿನ 120 ಜನಕ್ಕೂ ಈ ಹುಚ್ಚು ಹಿಡಿದಿದ್ದರೆ ರಿಯೂನಿಯನ್ನಿನಲ್ಲಿ ಸುಮಾರು ಒಂದೂವರೆ ಕುರ್ಚಿ ಖಾಲಿ. ಆ ಅರ್ಧ ಕುರ್ಚಿ ಯಾರದು ಅಂತ ನಿನಗೆ ಗೊತ್ತು.

ಈ ಲೆಕ್ಕ ಮೊದಲೂ ಗೊತ್ತಿತ್ತು ಕಣೋ. ಆದರೆ ಅದರಲ್ಲಿ ಪೆಟ್ರೋಲ್ ನೋಡದೆ ಹೊರಡುವವರು, ಮಂಜಿಗೆ ನುಗ್ಗುವವರು ಎಲ್ಲ ಸೇರಿದ್ದಾರೆ, ಅವರನ್ನು ಕಳೆದರೆ ನನ್ನ ಪಾಲು ಎಷ್ಟೋ ಕಡಿಮೆ ಅಂತ ನನಗೆ ನಾನೇ ಡಿಸ್ಕೌಂಟ್ ಕೊಟ್ಟುಕೊಂಡಿದ್ದೆ. ನಿದ್ದೆ ಬಾರದ ರಾತ್ರಿ ಇಲ್ಲಿ ವಿಮಾನ ಅಪಘಾತಗಳ ತನಿಖೆ ಮಾಡುವ ಎನ್‌ಟಿಎಸ್‌ಬಿಯ ವರದಿ ಓದುತ್ತೇನೆ, ಇದನ್ನು ನಿನಗೂ ಹೇಳಿರಲಿಲ್ಲ. ಸತ್ತವನ ತಪ್ಪು ಸಿಗುವವರೆಗೂ ಓದುತ್ತೇನೆ. ಸಿಕ್ಕ ಕೂಡಲೇ 'ನಾನು ಹಾಗೆ ಮಾಡಲ್ಲ ಬಿಡು' ಅಂತ ಹಾಯಾಗಿ ನಿದ್ದೆ. 1999ರಲ್ಲಿ ಹೆಂಡತಿ ಮತ್ತು ಅವಳ ಅಕ್ಕನನ್ನು ಕೂರಿಸಿಕೊಂಡು ರಾತ್ರಿಯ ಮಸುಕಿನಲ್ಲಿ ಕಡಲಿಗೆ ಬಿದ್ದ, ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯ ಮಗನಿಗೆ ಸುಮಾರು 310 ಗಂಟೆಯ ಅನುಭವ ಇತ್ತು. ನನ್ನ ಲಾಗ್‌ಬುಕ್ಕಿನಲ್ಲಿ ಈಗ 304.

ಆ ತೂತು ನೋಡಿದಾಗ ನನಗೆ ಭಯ ಆಗಲಿಲ್ಲ ಸೀನ. ಈಗ ಭಯ ಆಗುತ್ತಿರುವುದು ಅದಕ್ಕೇ. ಬೆಟ್ಟ ನೆನಪಿತ್ತು, ಸಾವು ನೆನಪಾಗಲಿಲ್ಲ. ಇಷ್ಟು ದೂರ ಬಂದು ಮಗಳ ಎದುರು ತಿರುಗಿದರೆ ಅವಮಾನ ಅನ್ನಿಸಿತು, ಅಷ್ಟೇ. ಒಂಬತ್ತು ವರ್ಷದ ಹುಡುಗಿಯ ಎದುರು. ಅವಳ ಎದುರು ಸೋಲಬಾರದು ಅಂತ ಅವಳನ್ನೇ ಕರೆದುಕೊಂಡು...

ಬಿಡು. ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಹೆಂಡತಿಗೆ ಮೊನ್ನೆ ರಾತ್ರಿಯೇ ಹೇಳಿದ್ದೇನೆ, ಆದ್ದರಿಂದ ಕಾಮೆಂಟಿನಲ್ಲಿ ಅವಳನ್ನು ಟ್ಯಾಗ್ ಮಾಡುವ ಪುಣ್ಯಾತ್ಮರು ಕಷ್ಟಪಡಬೇಕಿಲ್ಲ. ಅವಳು ಬೈಯಲಿಲ್ಲ. ಎದ್ದು ಹೋಗಿ ಒಂದೊಂದೇ ಪಾತ್ರೆ ಕೈಯಲ್ಲಿ ತೊಳೆದಳು, ಡಿಶ್‌ವಾಷರ್ ಇದ್ದರೂ.

ಜಕ್ಕೂರಿನ ಬೇಲಿ ಹಿಡಿದು ನಿಂತು ಟ್ರೈನಿಂಗ್ ವಿಮಾನಗಳನ್ನು ನೋಡುತ್ತಿದ್ದಾಗ ನಿನಗೊಂದು ಮಾತು ಕೊಟ್ಟಿದ್ದೆನಲ್ಲ, ಮೊದಲ ಸವಾರಿ ನಿನ್ನದೇ ಅಂತ, ಅದನ್ನು ಸದ್ಯಕ್ಕೆ ಮರೆತಿರು. ಮಗಳಿಗಂತೂ ಮನೆಯಿಂದ ಪರ್ಮಿಶನ್ ಬಂದ್. ಮುಂದಿನ ಶನಿವಾರಕ್ಕೆ ವಿಮಾನ ಬುಕ್ ಆಗಿಯೇ ಇದೆ, ಇನ್ನೂ ಕ್ಯಾನ್ಸಲ್ ಮಾಡಿಲ್ಲ. ಹೋದರೆ ನಾನೇ ನಾಲ್ಕು ದೋಸೆ ತಿಂದು ಹತ್ತುತ್ತೇನೆ.

ನಿನ್ನ,
ವಾಂತಿ ಕವರ್ ಕ್ಯಾಪ್ಟನ್