ಡಿಸ್ಕ್ ಸರದಿಯ ಜಗಳ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಮೊದಲು ತಪ್ಪೊಪ್ಪಿಗೆ. ಹೋದ ವಾರ ಫೋನಿನಲ್ಲಿ "ಐಒನೈಸ್ ಹಾಕು, ಸರಿಹೋಗುತ್ತೆ" ಅಂದೆನಲ್ಲ, ಅದು ಹಳೆಯ ಅಭ್ಯಾಸದ ಮಾತು. ಐಒನೈಸ್ ಅಂದರೆ ಯಾವ ಕೆಲಸಕ್ಕೆ ಡಿಸ್ಕ್ ಮೊದಲು ಸಿಗಬೇಕು ಅಂತ ಲಿನಕ್ಸಿಗೆ ಹೇಳುವ ಆದೇಶ. ಸರಿಹೋಗಲಿಲ್ಲ ಅಂತ ನೀನು ಬೈದದ್ದು ನ್ಯಾಯವೇ.

ಸಂಜೆ ಮದುವೆ ಫೋಟೋಗಳನ್ನು ಹೊರಗಿನ ಡಿಸ್ಕಿಗೆ ಕಾಪಿಗೆ ಹಾಕಿದರೆ ಅಂಗಡಿಯ ಬಿಲ್ಲಿಂಗ್ ತಂತ್ರಾಂಶ ತೆರೆಯಲು ಎರಡು ನಿಮಿಷ ಅಂದೆ ನೀನು. ಪ್ರೊಸೆಸರ್ ಬದಲಿಸಲಾ ಅಂತ ಬೇರೆ ಕೇಳಿದ್ದೀಯ. ದುಡ್ಡು ಹಾಳು ಮಾಡಬೇಡ ಮಾರಾಯ. ಯಂತ್ರ ಏನು ಮಾಡುತ್ತಿದೆ ಅಂತ ತೋರಿಸುವ ಟಾಪ್ ಆದೇಶದ ಫೋಟೋ ಕಳಿಸಿದ್ದೆಯಲ್ಲ, ಅದರಲ್ಲೇ ಉತ್ತರ ಇದೆ: ಪ್ರೊಸೆಸರಿಗೆ ಕೆಲಸವೇ ಇಲ್ಲ, 'ಡಬ್ಲ್ಯೂಎ' ಅನ್ನುವ ಅಂಕಿ ಮಾತ್ರ 70 ದಾಟಿದೆ. ಅಷ್ಟೂ ಡಿಸ್ಕಿಗಾಗಿ ಕಾದ ಹೊತ್ತು.

ನಿನ್ನದು ನಿಮಿಷಕ್ಕೆ 7200 ಸುತ್ತಿನ ಹಾರ್ಡ್ ಡಿಸ್ಕ್. ಸೆಕೆಂಡಿಗೆ 120 ಸುತ್ತು, ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಜಾಗ ಓದುವ ಮುಳ್ಳಿನ (ಹೆಡ್‌ನ) ಕೆಳಗೆ ಬರಲು ಸರಾಸರಿ ಅದರ ಅರ್ಧ, ಮುಳ್ಳು ಸರಿಯಲು ಇನ್ನೊಂದು ಎಂಟೊಂಬತ್ತು. ಲೆಕ್ಕ ಹಾಕು, ಸೆಕೆಂಡಿಗೆ ಸುಮಾರು 80 ಬೇರೆ ಬೇರೆ ಜಾಗ ಮುಟ್ಟಿದರೆ ಹೆಚ್ಚು. ಸಾಲಾಗಿ ಓದಿದರೆ ಸೆಕೆಂಡಿಗೆ 100 ಎಂಬಿ ಮೀರಿ ಕೊಡುವ ಡಿಸ್ಕೇ 4 ಕೆಬಿ ಚೂರುಗಳಿಗೆ ಅಲ್ಲಿಲ್ಲಿ ಓಡಾಡಿಸಿದರೆ 320 ಕೆಬಿಗೆ ಬಂದು ನಿಲ್ಲುತ್ತದೆ.

ಕಾಪಿಯದ್ದು ಸಾಲು ಓದು. ಅದರ ಮುಂದಿನ ಬೇಡಿಕೆ ಯಾವಾಗಲೂ ಸಿದ್ಧ. ಬಿಲ್ಲಿಂಗ್ ಹಾಗಲ್ಲ: ಒಂದು ಚೂರು ಕೇಳುತ್ತದೆ, ಬಂದದ್ದನ್ನು ನೋಡುತ್ತದೆ, ಆಮೇಲೆ ಇನ್ನೊಂದು ಕೇಳುತ್ತದೆ. ಬೀದಿ ನಲ್ಲಿಯಲ್ಲಿ ಇಪ್ಪತ್ತು ಕೊಡ ಸಾಲಾಗಿಟ್ಟವಳ ಹಿಂದೆ ಒಂದೇ ಚೊಂಬು ಹಿಡಿದು, ತುಂಬಿದಾಗಲೆಲ್ಲ ಮನೆಗೆ ಹೋಗಿ ಬರುವವನ ಪಾಡು ಅದು. ಬಂದಾಗಲೆಲ್ಲ ಸಾಲಿನ ತುದಿಗೆ ನಿಲ್ಲಬೇಕು. ನಿನ್ನ ಉಬುಂಟು 20.04ರಲ್ಲಿ ಸರದಿ ನೋಡಿಕೊಳ್ಳುವುದು ಎಂಕ್ಯೂ-ಡೆಡ್‌ಲೈನ್. ಓದುವ ಬೇಡಿಕೆಗೆ ಅದು ಇಟ್ಟ ಗಡುವು 500 ಮಿಲಿಸೆಕೆಂಡು. ಅರ್ಧ ಸೆಕೆಂಡು ತಾನೇ ಅನ್ನಿಸಬಹುದು. ಒಂದರ ಹಿಂದೊಂದು 60 ಚೂರು ಬೇಕಾಗಿ ಪ್ರತಿಯೊಂದೂ ಗಡುವಿನ ತನಕ ಕಾದರೆ ಅರ್ಧ ನಿಮಿಷ!

ಐಒನೈಸ್ ಸೋತದ್ದೂ ಇಲ್ಲೇ. ನಾವು ಹಾಸ್ಟೆಲಿನಲ್ಲಿ ಬಳಸುತ್ತಿದ್ದಾಗ ಸರದಿ ಸಿಎಫ್‌ಕ್ಯೂ ಕೈಯಲ್ಲಿತ್ತು, ಅದು ಆ ಮಾತು ಕೇಳುತ್ತಿತ್ತು. 2019ರಲ್ಲಿ ಬಂದ ಲಿನಕ್ಸ್ 5.0ರಿಂದ ಸಿಎಫ್‌ಕ್ಯೂ ಇಲ್ಲ. ನಿನ್ನ ಉಬುಂಟಿನ 5.4 ಕರ್ನಲ್‌ನ (ಲಿನಕ್ಸಿನ ತಿರುಳಿನ) ಎಂಕ್ಯೂ-ಡೆಡ್‌ಲೈನ್ ಐಒನೈಸ್ ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಆದೇಶ ಒಂದೂ ದೂರು ಹೇಳದೆ ಓಡಿತು, ಆದದ್ದು ಮಾತ್ರ ಏನೂ ಇಲ್ಲ. ಇಂಥ ಮೌನ ನನಗೆ ಎರರ್‌ಗಿಂತ ಸಿಟ್ಟು ತರಿಸುತ್ತದೆ.

ಈಗ ಸರದಿ ನೋಡಿಕೊಳ್ಳಲು ಬಿಎಫ್‌ಕ್ಯೂ ಹಾಕು. ಪಾವೊಲೊ ವಾಲೆಂಟೆ ಮತ್ತು ಜೊತೆಗಾರರು ಮಾಡಿದ್ದು, 2017ರಲ್ಲಿ 4.12 ಕರ್ನಲ್‌ಗೆ ಸೇರಿತು. ಅದರ ಒಂದು ಗುಣ ನನಗೆ ತುಂಬಾ ಇಷ್ಟ. ಚೊಂಬಿನವನು ಈಗ ಬರುತ್ತಾನೆ ಅಂತ ಗೊತ್ತಿದ್ದರೆ, ಕೊಡಗಳ ಸಾಲು ಕಾದಿದ್ದರೂ ನಲ್ಲಿಯನ್ನು ಕೆಲವು ಮಿಲಿಸೆಕೆಂಡು ಖಾಲಿ ಬಿಡುತ್ತದೆ. ಡಿಸ್ಕ್ ಸುಮ್ಮನೆ ಕೂತಂತೆ ಕಾಣುತ್ತದೆ, ಆದರೆ ಮುಳ್ಳು ಆಚೆ ಹೋಗಿ ಈಚೆ ಬರುವುದು ತಪ್ಪುತ್ತದೆ. ಐಒನೈಸ್ ಮಾತೂ ಇಲ್ಲಿ ನಡೆಯುತ್ತದೆ: ಕಾಪಿಯನ್ನು 3ನೇ ವರ್ಗದಲ್ಲಿ ಓಡಿಸಿದರೆ ಬೇರೆ ಯಾರಿಗೂ ಡಿಸ್ಕ್ ಬೇಡವಾದಾಗ ಮಾತ್ರ ಅದರ ಸರದಿ.

ಸಿಸ್ ಫೋಲ್ಡರಿನ ಬ್ಲಾಕ್‌ನೊಳಗೆ ನಿನ್ನ ಡಿಸ್ಕಿನ ಹೆಸರು, ಅದರ ಕ್ಯೂ ಫೋಲ್ಡರಿನಲ್ಲಿ ಶೆಡ್ಯೂಲರ್ ಅನ್ನುವ ಫೈಲ್ ಇದೆ. ಚೌಕ ಆವರಣದಲ್ಲಿರುವುದೇ ಈಗ ಚಾಲ್ತಿಯಲ್ಲಿರುವುದು; ಬದಲಿಸಲು ಆ ಫೈಲಿಗೆ ಬಿಎಫ್‌ಕ್ಯೂ ಹೆಸರು ಬರೆ. ಬಿಎಫ್‌ಕ್ಯೂ ಪಟ್ಟಿಯಲ್ಲಿ ಕಾಣದಿದ್ದರೆ ಮೊದಲು ಮಾಡ್‌ಪ್ರೋಬ್ ಆದೇಶದಿಂದ ಅದನ್ನು ಕರ್ನಲ್‌ಗೆ ಸೇರಿಸು. ರೀಬೂಟ್ ಆದರೆ ಹಳೆಯದಕ್ಕೇ ಮರಳುತ್ತದೆ. ಒಗ್ಗಿದ ಮೇಲೆ, ಪ್ರತಿ ಸಲ ತಾನಾಗಿಯೇ ಬಿಎಫ್‌ಕ್ಯೂ ಬರುವಂತೆ ಯೂಡೆವ್ ನಿಯಮ ಬರೆದುಕೊಡುತ್ತೇನೆ.

ಬರೆಯುವ ಕಡೆ ಇನ್ನೊಂದು ಕಿರಿಕಿರಿ ಉಳಿಯುತ್ತದೆ. ಹೊರಗಿನ ಡಿಸ್ಕಿಗೆ ಹೋಗಬೇಕಾದ್ದು ಮೊದಲು ಮೆಮೊರಿಯಲ್ಲಿ ರಾಶಿ ಬೀಳುತ್ತದೆ, ಆಮೇಲೆ ಕರ್ನಲ್ಲೇ ಅದನ್ನು ಸಾಗಿಸುತ್ತದೆ. ಕಾಪಿಗೆ ಹಾಕಿದ ಐಒನೈಸ್ ಅಲ್ಲಿಗೆ ಮುಟ್ಟುವುದಿಲ್ಲ. ಅದನ್ನು ಈಗ ಮುಟ್ಟಬೇಡ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯ್ತು ಅಂತ ಇಬ್ಬರಿಗೂ ತಿಳಿಯದು.

ಭಾನುವಾರ ಅಂಗಡಿ ಬಾಗಿಲು ಹಾಕಿದ ಮೇಲೆ ಮಾಡು. ಕಾಪಿ ನಡೆಯುತ್ತಿರುವಾಗಲೇ ಬಿಲ್ಲಿಂಗ್ ತೆರೆದು ಎಷ್ಟು ಸೆಕೆಂಡು ಹಿಡಿಯಿತು ಅಂತ ಬರೆ. ಕಾಪಿ ಮಾತ್ರ ಮೊದಲಿಗಿಂತ ನಿಧಾನವಾಗುತ್ತದೆ, ಅದಕ್ಕೆ ಮತ್ತೆ ಫೋನ್ ಮಾಡಿ ಬೈಯಬೇಡ.

ನಿನ್ನವ