ಆ ದಪ್ಪ ಪುಸ್ತಕ ಹಿಡಿಯುವ ಮುನ್ನ

ಪ್ರೀತಿಯ ಪುಟ್ಟಿ,

‘ಜೊನಾಥನ್ ಸ್ಟ್ರೇಂಜ್ ಅಂಡ್ ಮಿಸ್ಟರ್ ನಾರೆಲ್’ ಅನ್ನುವ ಇಂಗ್ಲಿಷ್ ಕಾದಂಬರಿ ಓದಲೋ ಬೇಡವೋ ಅಂತ ಕೇಳಿದ್ದೀಯ. ಓದು, ಆದರೆ ನಿನ್ನ ಪರೀಕ್ಷೆ ಮುಗಿದ ಮೇಲೆ. ಸುಮಾರು 800 ಪುಟ, 69 ಅಧ್ಯಾಯ, ಮೂರು ಸಂಪುಟ. ದಿನಕ್ಕೆ 30 ಪುಟ ಓದಿದರೂ ತಿಂಗಳೊಳಗೆ ಮುಗಿಯುತ್ತದೆ. ಬಿಡುವಾದಾಗ ಓದೋಣ ಅಂತ ಇಟ್ಟುಕೊಂಡರೆ ಮಾತ್ರ ಕೆಟ್ಟಿತು. ಮೊದಲ ಸಂಪುಟದಲ್ಲಿ ಸುಮ್ಮನೆ ಬಂದುಹೋದ ಆಳುಕಾಳು, ಬೀದಿಯ ಮಂತ್ರವಾದಿ, ಇವರೇ ಮೂರನೆಯದರಲ್ಲಿ ಕಥೆ ತಿರುಗಿಸುತ್ತಾರೆ. ಅಷ್ಟು ಹೊತ್ತಿಗೆ ಅವರ ಹೆಸರೇ ಮರೆತಿರುತ್ತದೆ.

ಸುಸಾನಾ ಕ್ಲಾರ್ಕ್ ಹತ್ತು ವರ್ಷ ಕೂತು ಬರೆದದ್ದು. 2004ರಲ್ಲಿ ಬಂತು, ಮರುವರ್ಷವೇ ವೈಜ್ಞಾನಿಕ ಹಾಗೂ ಮಾಯಾಲೋಕದ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆಯಿತು. ಆ ಹೊಗಳಿಕೆ ಕೇಳಿ, ಮಾಂತ್ರಿಕರ ಕಾಳಗ ಇರಬೇಕು ಅಂದುಕೊಂಡು ಬಂದವರೇ ನೂರು ಪುಟಕ್ಕೆ ಕೈಬಿಡುವುದು. ಕಥೆ ಶುರುವಾಗುವ 1806ರ ಇಂಗ್ಲೆಂಡಿನಲ್ಲಿ ಮಾಂತ್ರಿಕರೆಂದರೆ ಮಂತ್ರವಿದ್ಯೆಯ ಚರಿತ್ರೆ ಚರ್ಚಿಸುವ ಪಂಡಿತರು. ಮಂತ್ರ ಹಾಕಲು ಅವರಿಗೆ ಬಾರದು. ಬಲ್ಲವನು ನಾರೆಲ್ ಒಬ್ಬನೇ. ಅವನೋ ಸಿಕ್ಕ ಗ್ರಂಥವನ್ನೆಲ್ಲ ಕೊಂಡು, ಯಾರಿಗೂ ಕೊಡದೆ ಬಚ್ಚಿಟ್ಟ ಒಣ ಮನುಷ್ಯ. ಅವನ ಸಹವಾಸ ಬೇಸರ ತರಿಸಿದರೆ ತಪ್ಪು ನಿನ್ನದಲ್ಲ, ಲೇಖಕಿ ಬೇಕೆಂದೇ ಹಾಗೆ ಮಾಡಿದ್ದಾರೆ. ಮುಂದೆ ಅವನ ಶಿಷ್ಯನಾಗುವ ಮಾಂತ್ರಿಕ ಸ್ಟ್ರೇಂಜ್ ಲಂಡನ್ನಿಗೆ ಬರುವುದು ಎರಡನೆಯ ಸಂಪುಟದಲ್ಲಿ. ಅವನು ಬಂದಮೇಲೆ ಪುಸ್ತಕಕ್ಕೆ ಬೇರೆಯೇ ಉಸಿರು.

ಹಾಗಾಗಿ ಮೊದಲ ಎಂಟು ಅಧ್ಯಾಯ ಓದಿ ನಿರ್ಧಾರ ಮಾಡು, ಅದಕ್ಕೆ ಮೊದಲು ಬೇಡ. ಮೂರನೆಯದರಲ್ಲಿ ಯಾರ್ಕ್ ಚರ್ಚಿನ ಕಲ್ಲಿನ ಮೂರ್ತಿಗಳು ಬಾಯಿ ಬಿಡುತ್ತವೆ. ಎಂಟನೆಯದರಲ್ಲಿ ಒಂದು ಒಪ್ಪಂದ ನಡೆಯುತ್ತದೆ. ಮುಂದಿನ ಅನಾಹುತಕ್ಕೆಲ್ಲ ಮೂಲ ಅದೇ. ಅದನ್ನು ಓದಿಯೂ ಮುಂದೇನಾಯಿತೋ ಅಂತ ಅನ್ನಿಸದಿದ್ದರೆ ಸಂಕೋಚವಿಲ್ಲದೆ ಮುಚ್ಚಿಡು.

ಇನ್ನು ಅಡಿಟಿಪ್ಪಣಿಗಳು. ಇನ್ನೂರರ ಹತ್ತಿರ ಇವೆ, ಕೆಲವು ಪುಟಗಟ್ಟಲೆ ಹರಿಯುತ್ತವೆ. ಇಲ್ಲದ ಗ್ರಂಥಗಳ ಉಲ್ಲೇಖ, ಹಿಂದೆ ಉತ್ತರ ಇಂಗ್ಲೆಂಡ್ ಆಳಿದ ಮಾಂತ್ರಿಕ ದೊರೆ ಕಾಕರಾಜನ ಕಾಲದ ಐತಿಹ್ಯ, ಕಿನ್ನರರು ಮನುಷ್ಯರನ್ನು ಹೊತ್ತೊಯ್ದ ಕಥೆ, ಎಲ್ಲ ಅಲ್ಲೇ. ಅವನ್ನು ಹಾರಿಸಿದರೆ ಕಾಕರಾಜ ಯಾರು, ಅವನ ಹೆಸರೆತ್ತಿದರೆ ನಾರೆಲ್‌ಗೆ ಯಾಕಷ್ಟು ಭಯ ಅನ್ನುವುದರ ಅರ್ಧ ಕೈತಪ್ಪುತ್ತದೆ. ಸಂಖ್ಯೆ ಕಂಡ ತಕ್ಷಣ ಕೆಳಗಿಳಿಯಬೇಡ. ಆ ಪ್ಯಾರಾ ಮುಗಿಸಿ ಆಮೇಲೆ ಓದು, ಎಳೆ ತಪ್ಪುವುದಿಲ್ಲ. ಅಗ್ಗದ ಪೇಪರ್‌ಬ್ಯಾಕಿನಲ್ಲಿ ಟಿಪ್ಪಣಿಯ ಅಕ್ಷರ ತೀರಾ ಸಣ್ಣದಿರುತ್ತದೆ, ಕಣ್ಣಿಗೆ ಹಿಂಸೆ. ಅಂಗಡಿಯಲ್ಲೇ ತೆರೆದು ನೋಡಿ ಕೊಳ್ಳು, ಅಥವಾ ಇ-ಪುಸ್ತಕ ತೆಗೆದುಕೋ. ಕೆಲವು ಪದಗಳ ಕಾಗುಣಿತ ಹಳೆಯ ಕಾಲದ್ದು, ಅಚ್ಚಿನ ತಪ್ಪು ಅಂದುಕೊಳ್ಳಬೇಡ.

ನಿನಗೆ ಇಷ್ಟವಾಗಬಹುದು ಅಂತ ನನಗನ್ನಿಸುವುದು ಯುದ್ಧದ ಭಾಗ. ನೆಪೋಲಿಯನ್ನನ ವಿರುದ್ಧ ಹೋರಾಡುವ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್‌ಗೆ ನೆರವಾಗಲು ಸ್ಟ್ರೇಂಜ್ ಪೋರ್ಚುಗಲ್‌ಗೆ ಹೋಗುತ್ತಾನೆ. ಈ ವೆಲಿಂಗ್ಟನ್ ನಮಗೆ ಹೊರಗಿನವನಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ, ಟಿಪ್ಪು ಬಿದ್ದ ಮೇಲೆ ಅಲ್ಲಿನ ಆಡಳಿತ ಹಿಡಿದ ಆರ್ಥರ್ ವೆಲ್ಲೆಸ್ಲಿಯೇ. ಕಾದಂಬರಿಯಲ್ಲಿ ಅವನು ಮಾಂತ್ರಿಕನಿಂದ ಬಯಸುವುದು ಸಿಡಿಲನ್ನಲ್ಲ, ಸೈನ್ಯ ನಡೆಯಲು ಒಳ್ಳೆಯ ರಸ್ತೆ. ಸ್ಟ್ರೇಂಜ್ ರಸ್ತೆ ಹಾಕಿಕೊಡುತ್ತಾನೆ. ಸೈನ್ಯ ದಾಟಿದ ಮೇಲೆ ಅದು ಮಾಯ. ಚರಿತ್ರೆ ಮತ್ತು ಮಾಯೆಯನ್ನು ಇಷ್ಟು ಸಲೀಸಾಗಿ ಬೆಸೆದವರು ಕಡಿಮೆ.

2015ರ ಟಿವಿ ಸರಣಿ ಏಳೇ ಕಂತು, ಅದನ್ನು ಆಮೇಲೆ ನೋಡು. ಈ ಲೇಖಕಿಯ ಭಾಷೆ ಹಿಡಿಸಿ ಗಾತ್ರಕ್ಕಷ್ಟೇ ಹಿಂಜರಿಕೆಯಾದರೆ, ಅವರದೇ ‘ಪಿರಾನೇಸಿ’ 250 ಪುಟದ ಆಸುಪಾಸಿನದು, ಅದರಿಂದ ಶುರು ಮಾಡು.

ಪ್ರೀತಿಯಿಂದ,
ಅಮ್ಮ