ಜೋರ್ಡನ್ ಅಂದರೆ ಬರೀ ಶೂ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. 28 ವರ್ಷ ಪಿ.ಟಿ. ಮೇಷ್ಟ್ರಾಗಿದ್ದು, ನಿವೃತ್ತನಾದ ಮೇಲೂ ಸಂಜೆ ಹೊತ್ತು ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತಿರುವ ನನಗೆ ಕನ್ನಡದಲ್ಲಿ ಆತನ ಕುರಿತು ಅರ್ಧ ಪುಟ ಬಂದದ್ದೇ ಹಬ್ಬ. ಆದರೆ ಆ ಅರ್ಧ ಪುಟದಲ್ಲಿ ಆಟಕ್ಕೆ ಸಿಕ್ಕಿದ್ದು ನಾಲ್ಕೇ ಸಾಲು. ಉಳಿದದ್ದೆಲ್ಲ ಶೂ, ಡಾಲರು, ಶ್ರೀಮಂತರ ಪಟ್ಟಿ. ಇದು ನನಗೆ ಬಹಳ ನೋವು ತಂದಿತು.

ನೀವು ಕೊಟ್ಟ ಲೆಕ್ಕ ಸುಳ್ಳೆಂದು ನಾನು ಹೇಳುತ್ತಿಲ್ಲ. 1984ರಲ್ಲಿ ಜೋರ್ಡನ್‌ಗೆ ಮನಸ್ಸಿದ್ದದ್ದು ಅಡಿಡಾಸ್ ಶೂ ಕಂಪನಿಯ ಮೇಲೆ. ಹೋಗಿ ನೈಕಿಯವರ ಮಾತು ಕೇಳಿಯಾದರೂ ಬಾ ಎಂದು ತಾಯಿ ಡೆಲೋರಿಸ್ ಹಠ ಹಿಡಿದಿದ್ದರಿಂದಲೇ ನೈಕಿ ಕಂಪನಿಯ ಬಾಗಿಲಿಗೆ ಹೋದದ್ದು. ವರ್ಷಕ್ಕೆ ಸುಮಾರು 5 ಲಕ್ಷ ಡಾಲರ್‌ನಂತೆ ಐದು ವರ್ಷದ ಒಪ್ಪಂದವಾಯಿತು, ಜೊತೆಗೆ ಮಾರಾಟದಲ್ಲಿ ಪಾಲು. ಇನ್ನೂ ಎನ್‌ಬಿಎಯಲ್ಲಿ, ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ, ಒಂದು ಪಂದ್ಯವನ್ನೂ ಆಡಿರದ ಹುಡುಗನಿಗೆ! ಹೆಚ್ಚೆಂದರೆ 30 ಲಕ್ಷ ಡಾಲರ್ ವ್ಯಾಪಾರವಾದೀತು ಎಂದುಕೊಂಡಿದ್ದ, ಆತನ ಹೆಸರಿನ ಏರ್ ಜೋರ್ಡನ್ ಶೂ ಮೊದಲ ವರ್ಷವೇ 12 ಕೋಟಿ ಡಾಲರ್ ದಾಟಿತು. 2024ರ ಹಣಕಾಸು ವರ್ಷದಲ್ಲಿ ಜೋರ್ಡನ್ ಬ್ರ್ಯಾಂಡಿನ ವಹಿವಾಟು ಸುಮಾರು 700 ಕೋಟಿ ಡಾಲರ್. ಆತ ಆಡಿದ 15 ಸೀಸನ್‌ಗಳ ಸಂಬಳವನ್ನೆಲ್ಲ ಕೂಡಿಸಿದರೂ 10 ಕೋಟಿ ಡಾಲರ್ ಆಗುವುದಿಲ್ಲ. ತನ್ನ ಹೆಸರಿನ ಗಳಿಕೆಯಲ್ಲಿ ಆಟಗಾರನಿಗೂ ಪಾಲು ಸಲ್ಲಬೇಕು ಎಂಬುದು ಗಟ್ಟಿಯಾಗಿ ಬೇರೂರಿದ್ದು ಆ ಒಪ್ಪಂದದಿಂದ, ಇದನ್ನು ನಾನೂ ಮನಸಾರೆ ಒಪ್ಪುತ್ತೇನೆ. ಹಾಗೆಂದು ಅದರ ಇನ್ನೊಂದು ಮುಖವನ್ನು ಬಿಡುವಂತಿರಲಿಲ್ಲ. ಆ ಶೂಗಾಗಿ ಅಮೆರಿಕದ ಬೀದಿಗಳಲ್ಲಿ ಹುಡುಗರ ಕೊಲೆಗಳಾಗಿವೆ. ಇಂಡೊನೇಷ್ಯಾ, ವಿಯೆಟ್ನಾಂಗಳಲ್ಲಿ ನೈಕಿ ಶೂ ಹೊಲಿಯುತ್ತಿದ್ದವರ ಕೂಲಿ ಎಷ್ಟೆಂಬುದು 1990ರ ದಶಕದಲ್ಲಿ ದೊಡ್ಡ ಗಲಾಟೆಯಾಗಿತ್ತು. ಹಣದ ಕಥೆ ಬರೆದ ಮೇಲೆ ಪೂರ್ತಿ ಬರೆಯಬೇಕಿತ್ತು.

ನನ್ನ ಹತ್ತಿರ ಕಲಿಯುವ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಹೋದ ತಿಂಗಳು ಹೊಸ ಶೂ ಹಾಕಿಕೊಂಡು ಬಂದ. ಪೇಟೆ ಬೀದಿಯಲ್ಲಿ 700 ರೂಪಾಯಿಗೆ ತಂದ ನಕಲಿ ಮಾಲು, ಎರಡನೇ ವಾರಕ್ಕೇ ಮುಂದುಗಡೆ ಬಾಯಿ ಬಿಟ್ಟಿತ್ತು. ಪಕ್ಕದಲ್ಲಿ ಕಾಲು ಅಗಲಿಸಿ ಹಾರುವ ಆ ಮನುಷ್ಯನ ಚಿತ್ರ. "ಇವನು ಯಾರೋ?" ಎಂದು ಕೇಳಿದೆ. ಬಗ್ಗಿ ಹೆಬ್ಬೆರಳಿನಿಂದ ಧೂಳು ಒರೆಸಿ ನೋಡಿ, "ಅದು ಕಂಪನಿ ಸಾರ್, ಜೋರ್ಡನ್ ಅಂತ" ಎಂದ. ಅವನದೇನೂ ತಪ್ಪಿಲ್ಲ, ಅವನಿಗೆ ಯಾರೂ ಹೇಳಿಲ್ಲ.

ಆ ಚಿತ್ರದ ಹಿನ್ನೆಲೆ ಗೊತ್ತಾದರೆ ನನ್ನ ಸಂಕಟ ನಿಮಗೂ ಅರ್ಥವಾದೀತು. ಅದು ಯಾವ ಪಂದ್ಯದ್ದೂ ಅಲ್ಲ. 1984ರ ಒಲಿಂಪಿಕ್ಸ್‌ಗೆ ಮುಂಚೆ 'ಲೈಫ್' ಪತ್ರಿಕೆಯ ಛಾಯಾಗ್ರಾಹಕರೊಬ್ಬರು ಬ್ಯಾಲೆ ನೃತ್ಯದವರು ನೆಗೆಯುವ ಹಾಗೆ ಜೋರ್ಡನ್‌ನಿಂದ ನೆಗೆಸಿ ಫೋಟೋ ತೆಗೆದಿದ್ದರು. ಮರುವರ್ಷ ನೈಕಿ ಅದೇ ಭಂಗಿಯನ್ನು ಹೋಲುವ ಫೋಟೋ ತೆಗೆಸಿತು, ಅದರ ನೆರಳೇ ಲಾಂಛನವಾಯಿತು. ಫೋಟೋದಲ್ಲಿ ಚೆಂಡಿರುವುದು ಎಡಗೈಯಲ್ಲಿ. ಜೋರ್ಡನ್ ಬಲಗೈ ಆಟಗಾರ! ಕ್ಯಾಮೆರಾಗೆಂದು ಹಾರಿದ ಆ ಒಂದು ನೆಗೆತ ಜಗತ್ತಿಗೆಲ್ಲ ಗೊತ್ತು. ಅಂಕಣದಲ್ಲಿ ಬೆವರು ಸುರಿಸಿ ಆಡಿದ್ದು ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ಆ ಹುಡುಗರನ್ನೆಲ್ಲ ಕೂರಿಸಿ ನನ್ನ ಮೊಬೈಲಿನಲ್ಲಿ 1998ರ ಜೂನ್ 14ರ ಪಂದ್ಯದ ಕೊನೆಯ ನಿಮಿಷ ತೋರಿಸಿದೆ. ಎನ್‌ಬಿಎ ಫೈನಲ್ಸ್‌ನ ಆರನೇ ಪಂದ್ಯ, ಯೂಟಾ ಜಾಝ್ ತಂಡದ ತವರಿನಲ್ಲಿ. ಜೋರ್ಡನ್‌ನ ತಂಡ ಶಿಕಾಗೊ ಬುಲ್ಸ್ ಮೂರು ಅಂಕ ಹಿಂದಿದೆ. ಜೋರ್ಡನ್ ರಿಂಗ್ ಹತ್ತಿರಕ್ಕೆ ನುಗ್ಗಿ ಒಂದು ಲೇಅಪ್ ಹಾಕಿ ಅಂತರವನ್ನು ಒಂದಕ್ಕಿಳಿಸುತ್ತಾನೆ. ಈಗ ಚೆಂಡು ಯೂಟಾದ ಕಾರ್ಲ್ ಮಲೋನ್ ಕೈಗೆ ಹೋಗುತ್ತದೆ. ಜೋರ್ಡನ್ ಕಾಯಬೇಕಾದ್ದು ಹಾರ್ನಾಸೆಕ್ ಎಂಬ ಬೇರೆ ಆಟಗಾರನನ್ನು. ಆತ ರಿಂಗ್ ಕೆಳಗಿನಿಂದ ಆಚೆ ಬದಿಗೆ ಓಡುತ್ತಾನೆ, ಜೋರ್ಡನ್ ಮಾತ್ರ ಅವನ ಹಿಂದೆ ಹೋಗದೆ ಸರಕ್ಕನೆ ತಿರುಗಿ, ಮಲೋನ್‌ಗೆ ಕಾಣದ ಬದಿಯಿಂದ ಬಂದು ಚೆಂಡನ್ನು ಕೈಯಿಂದ ಹೊಡೆದು ಕಿತ್ತುಕೊಳ್ಳುತ್ತಾನೆ. ಆಟ ನಿಲ್ಲಿಸಿ ಉಸಿರಾಡಿಕೊಳ್ಳಲು ಟೈಮ್‌ಔಟ್ ಕೇಳುವುದಿಲ್ಲ. ನಿಧಾನವಾಗಿ ಡ್ರಿಬಲ್ ಮಾಡಿಕೊಂಡು ಬಂದು, ಬಲಕ್ಕೆ ನುಗ್ಗಿ, ಗಕ್ಕನೆ ನಿಂತು, ಎಡಕ್ಕೆ ಸರಿದು ಶಾಟ್. 5.2 ಸೆಕೆಂಡ್ ಉಳಿದಿರುವಾಗ 87-86. ಆರನೇ ಪಟ್ಟ ಗೆದ್ದಾಯಿತು. ಅವತ್ತು ಆತ ಹೊಡೆದದ್ದು 45 ಅಂಕ.

ಆ ಕೊನೆಯ ಶಾಟ್ ಪೋಸ್ಟರಾಗಿ ಗೋಡೆಗೋಡೆಗೂ ಹೋಯಿತು. ನಾನು ಹುಡುಗರಿಗೆ ನಾಲ್ಕು ಸಲ ಹಿಂದೆ ತಿರುಗಿಸಿ ತೋರಿಸಿದ್ದು ಚೆಂಡು ಕಿತ್ತುಕೊಂಡದ್ದನ್ನು. ಅದು ಹಾರುವ ಕಾಲಿನ ಕೆಲಸವಲ್ಲ. ಎದುರಾಳಿ ತಂಡ ಎಲ್ಲಿಂದ ಎಲ್ಲಿಗೆ ಚೆಂಡು ಕೊಡುತ್ತದೆಂದು ಎಷ್ಟೋ ವರ್ಷ ನೋಡಿ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡವನ ಕೆಲಸ. 1987-88ರ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 35 ಅಂಕ ಹೊಡೆದು ಲೀಗ್‌ಗೇ ಮೊದಲಿಗನಾದ ಈತ ಅದೇ ವರ್ಷ ಎನ್‌ಬಿಎಯ ಅತ್ಯುತ್ತಮ ಡಿಫೆನ್ಸ್ (ಎದುರಾಳಿಯನ್ನು ತಡೆಯುವ) ಆಟಗಾರನೂ ಆಗಿದ್ದ. ಚೆಂಡು ಕಸಿದದ್ದರಲ್ಲೂ ಆತನೇ ಮೊದಲು. ನಿಮ್ಮ ಲೇಖನದಲ್ಲಿ ಡಿಫೆನ್ಸ್ ಎಂಬ ಪದವೇ ಇಲ್ಲ. ಹತ್ತು ಸಲ ಅಂಕಗಳಲ್ಲಿ ಅಗ್ರಸ್ಥಾನ, ಐದು ಸಲ ಎಂವಿಪಿ ಅಂದರೆ ಸೀಸನ್ನಿನ ಅತ್ಯುತ್ತಮ ಆಟಗಾರ, ಆಡಿದ ಆರು ಫೈನಲ್ಸ್‌ನಲ್ಲೂ ಎಂವಿಪಿ ಎಂಬುದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದೀರಿ. ಮೊದಲ ಪಟ್ಟಕ್ಕೆ ಆತ ಏಳು ಸೀಸನ್ ಕಾದ. 1988, 1989, 1990, ಸತತ ಮೂರು ವರ್ಷ ಡೆಟ್ರಾಯಿಟ್ ಪಿಸ್ಟನ್ಸ್ ತಂಡದ ಎದುರು ಪ್ಲೇಆಫ್ ಎಂಬ ನಾಕೌಟ್ ಹಂತದಲ್ಲಿ ಸೋತು ಮನೆಗೆ ಹೋದ. ಜೊತೆ ಆಟಗಾರ ಸ್ಕಾಟಿ ಪಿಪ್ಪೆನ್ ಬೆಳೆದು ಹೆಗಲು ಕೊಟ್ಟ ಮೇಲೆ, ಕೋಚ್ ಫಿಲ್ ಜಾಕ್ಸನ್ ಬಂದು ಚೆಂಡನ್ನು ಐವರಿಗೂ ಹಂಚುವ ಆಟ ರೂಢಿಸಿದ ಮೇಲೆ 1991ರಲ್ಲಿ ಗೆಲುವು ಬಂತು. ಮಕ್ಕಳಿಗೆ ತಿಳಿಯಬೇಕಾದ ಈ ಸಂಗತಿಗಳಿಗೆ ಜಾಗ ಸಿಗಲಿಲ್ಲವಲ್ಲ ಎಂಬುದೇ ನನ್ನ ದುಃಖ.

ಕೊನೆಯದಾಗಿ ಒಂದು ತಿದ್ದುಪಡಿ. ಜೋರ್ಡನ್‌ನನ್ನು ಶಾಲಾ ತಂಡದಿಂದ "ಹೊರಹಾಕಲಾಗಿತ್ತು" ಎಂದು ಬರೆದಿದ್ದೀರಿ. ಎಲ್ಲರೂ ಹಾಗೇ ಬರೆಯುತ್ತಾರೆ, ಕೇಳಲು ಚೆನ್ನಾಗಿರುತ್ತದೆ. ನಡೆದದ್ದು ಇಷ್ಟು: 1978ರಲ್ಲಿ ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್‌ನ ಲೇನಿ ಹೈಸ್ಕೂಲಿನಲ್ಲಿ ಮುಖ್ಯ ತಂಡಕ್ಕೆ ಆತನ ಬದಲು ಅವನಿಗಿಂತ ಬಹಳ ಎತ್ತರವಿದ್ದ ಗೆಳೆಯನನ್ನು ತೆಗೆದುಕೊಂಡರು, ಜೋರ್ಡನ್‌ನನ್ನು ಜೂನಿಯರ್ ತಂಡದಲ್ಲಿ ಆಡಿಸಿದರು. ಆ ವರ್ಷವೆಲ್ಲ ಆತ ಆಡುತ್ತಲೇ ಇದ್ದ. ಜಿಲ್ಲಾ ತಂಡಕ್ಕೆ ಆಯ್ಕೆಯಾಗದೆ ಅತ್ತುಕೊಂಡು ಮನೆಗೆ ಹೋಗಿ, ಮತ್ತೆ ಅಂಕಣದ ಕಡೆ ತಲೆ ಹಾಕದ ಎಷ್ಟೋ ಮಕ್ಕಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೆ "ಹೊರಹಾಕಿದರು" ಎಂಬ ಮಾತಿಗೂ "ಜೂನಿಯರ್ ತಂಡದಲ್ಲಿ ಆಡಿದ" ಎಂಬ ಮಾತಿಗೂ ಅಜಗಜಾಂತರವಿದೆ.

ದಯವಿಟ್ಟು ಈ ತಿದ್ದುಪಡಿಯನ್ನು ಪ್ರಕಟಿಸಿ. ಬಂದ ದಿನವೇ ಕತ್ತರಿಸಿ ನಮ್ಮ ಅಂಕಣದ ಪಕ್ಕದ ಬೋರ್ಡಿಗೆ ಅಂಟಿಸುತ್ತೇನೆ. ಈ ವಾರವೇ ಬಂದರೆ ಇನ್ನೂ ಒಳ್ಳೆಯದು, ಮುಂದಿನ ಶನಿವಾರ ನಮ್ಮಲ್ಲಿ ತಂಡದ ಆಯ್ಕೆಯಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಮಂಡ್ಯ